ಇವರು ತಲುಪಿದ ಬೆಳಗ್ಗೆ

ನನ್ನ ಗಂಡ ಅಪಘಾತದಲ್ಲಿ ತೀರಿಕೊಂಡು ವರ್ಷವಾಗಿತ್ತು. ಅವರ ರಕ್ತದ ಕೋಶಗಳು ಮಾತ್ರ ಆಸ್ಪತ್ರೆಯ ಫ್ರೀಜರಿನಲ್ಲಿದ್ದವು. ತಮ್ಮ ತಂಗಿಗೆ ರಕ್ತದ ಕ್ಯಾನ್ಸರ್ ಎಂದು ಗೊತ್ತಾದಾಗ, ಮುಂದೆ ಬೇಕಾದೀತೆಂದು ಕೊಟ್ಟಿದ್ದರು.

ಇದ್ದದ್ದು ಸ್ವಲ್ಪವೇ. ಅದನ್ನು ಉಳಿಸೋಣವೆಂದು ಡಾಕ್ಟರು ನನ್ನ ನಾದಿನಿಗೆ ಮೊದಲು ಬೇರೊಬ್ಬ ದಾನಿಯ ಕೋಶಗಳನ್ನು ಹಾಕಿದರು. ತೊಡೆಗೆ ಚುಚ್ಚಿದ ಕೋಶಗಳು ತೊಡೆಸಂದಿನ ದುಗ್ಧರಸ ಗ್ರಂಥಿಗೆ, ಅಂದರೆ ಲಿಂಫ್ ನೋಡಿಗೆ, ನಡೆದುಹೋಗಬೇಕು. ರೋಗದ ಗುರುತನ್ನು ಅಲ್ಲಿ ಅವಳ ಕಾವಲು ಕೋಶಗಳಿಗೆ ಹೇಳಿಕೊಡಬೇಕು. ದಾನಿಯವು ಚುಚ್ಚಿದ ಜಾಗ ಬಿಟ್ಟು ಕದಲಲಿಲ್ಲ. ವಂಶವಾಹಿ ಹೊಂದದಿದ್ದರೆ ದೇಹದ ಕಾವಲು ಕೋಶಗಳು ಅಲ್ಲೇ ಮುಗಿಸಿಬಿಡುತ್ತವಂತೆ. ಅಣ್ಣನವು ಪೂರ್ತಿ ಹೊಂದುತ್ತವೆ, ಆದರೆ ಇವೂ ತಲುಪದಿದ್ದರೆ ಈ ಚಿಕಿತ್ಸೆ ಇಲ್ಲಿಗೇ ನಿಲ್ಲುತ್ತದೆ ಎಂದರು.

ಇವರ ಕೋಶಗಳಿಗೆ ಸ್ಕ್ಯಾನಿನಲ್ಲಿ ಹೊಳೆಯುವಂತೆ ಗುರುತು ಹಚ್ಚಿ ಬೆಳಗ್ಗೆ ಚುಚ್ಚಿದರು. ಸಂಜೆ ನೋಡಿದರೆ ತೊಡೆಯಲ್ಲೊಂದು ಬೆಳಕು, ಅದರಾಚೆ ಏನೂ ಇಲ್ಲ. ನಾಳೆ ಇನ್ನೊಮ್ಮೆ ನೋಡೋಣ ಎಂದರು ಡಾಕ್ಟರು.

ವಾರ್ಡಿನಲ್ಲಿ ನಮ್ಮಲ್ಲಿ ಯಾರಿಗೂ ಊಟ ಸೇರಲಿಲ್ಲ. ಕೊನೆಗೆ ಬಾಯಿಬಿಟ್ಟವಳು ನಾದಿನಿಯೇ.

"ಅಣ್ಣ ದಾರಿ ತಪ್ಪಿರ್ತಾನೆ. ಯಾರನ್ನಾದ್ರೂ ಕೇಳೋಕೆ ಅವನಿಗೆ ಮರ್ಯಾದೆ ಅಡ್ಡ."

ಅತ್ತೆಗೆ ಅಷ್ಟು ಸಾಕಾಯಿತು. ಮಗ ತನ್ನ ಮದುವೆಯ ದಿನ ಬೇರೆ ಛತ್ರಕ್ಕೆ ಹೋದದ್ದು, ಅಲ್ಲಿಯವರು ಹುಡುಗಿ ಕಡೆಯವನೆಂದು ಕೂರಿಸಿ ಬಡಿಸಿದ್ದು, ಇವನು ಎರಡನೆಯ ಸಲವೂ ಹಾಕಿಸಿಕೊಂಡು ತಿಂದದ್ದು, ಎಲ್ಲವನ್ನೂ ಪಕ್ಕದ ಹಾಸಿಗೆಯವರಿಗೂ ಕೇಳುವಂತೆ ಹೇಳಿದರು. ಆ ದಿನ ಹೂಮಾಲೆ ಹಿಡಿದು ನಿಂತೂ ನಿಂತೂ ನನ್ನ ಕೈ ಜೋಮು ಹಿಡಿದಿತ್ತು. 

ಮರುದಿನ ಬೆಳಗ್ಗೆ ನಾದಿನಿ ಯಂತ್ರದೊಳಗೆ ಮಲಗಿದಳು. ಪರದೆಯಿದ್ದ ಪಕ್ಕದ ಕೋಣೆಯಲ್ಲಿ ನಾನು, ಅತ್ತೆ ನಿಂತಿದ್ದೆವು; ನಡುವಿನ ಬಾಗಿಲು ತೆರೆದೇ ಇತ್ತು. ಪರದೆಯ ಮೇಲೆ ತೊಡೆಯ ಬೆಳಕು ಮೂಡಿತು. ಅದರ ಮೇಲೆ, ಸಂದಿನಲ್ಲಿ, ಸಾಸಿವೆಯಷ್ಟು ಇನ್ನೊಂದು.

"ಅದೇ ಗ್ರಂಥಿ," ಎಂದ ಸ್ಕ್ಯಾನಿನವನು. "ತಲುಪಿವೆ."

ಅತ್ತೆ ಕನ್ನಡಕ ಒರೆಸಿಕೊಂಡು ಬಗ್ಗಿದರು. ಇದೇನಾ ಇವನು ಎಂದು ನನ್ನನ್ನು ಕೇಳಿದರು. ನಾನು ಬೆರಳನ್ನು ಆ ಸಾಸಿವೆಯ ಪಕ್ಕಕ್ಕಿಟ್ಟೆ. ಸ್ಕ್ಯಾನಿನವನು ಪರದೆಯನ್ನು ನಮ್ಮ ಕಡೆಗೆ ತುಸು ತಿರುಗಿಸಿದ.

"ಅತ್ತಿಗೆ, ಬಂದನಾ?" ಒಳಗಿನಿಂದ ನಾದಿನಿಯ ದನಿ.

"ಬಂದ್ರು ಕಣೆ. ಎಲ್ಲೋ ತಿಂಡಿ ಮುಗಿಸ್ಕೊಂಡು ಬಂದಿರ್ಬೇಕು."

ಅಲುಗಾಡಬೇಡಿ ಎಂದು ಸ್ಕ್ಯಾನಿನವನು ಎಷ್ಟು ಹೇಳಿದರೂ ಅವಳ ನಗು ನಿಲ್ಲಲಿಲ್ಲ. ಮುಂದಿನ ಚಿತ್ರ ಪೂರ್ತಿ ಕಲಸಿಹೋಯಿತು. ಕಲಸಿದ ಆ ಚಿತ್ರವನ್ನೇ ಕೇಳಿ ಪಡೆದು, ನಾನು ಮನೆಗೆ ತಂದೆ.