ಆಕ್ಷೇಪಣೆ ಇಲ್ಲ

“ಚಹಾ ಬ್ಯಾಡ್ರಿ,” ಎಂದು ಪ್ರಹ್ಲಾದರಾಯರು ಕಪ್ಪಿನ ಮೇಲೆ ಅಂಗೈ ಅಡ್ಡ ಹಿಡಿದರು.

ಹೆಂಡತಿ ತೀರಿಕೊಂಡ ವರ್ಷ ಪರರ ಅನ್ನನೀರು ಮುಟ್ಟಬಾರದೆಂದು ಅವರು ಹಾಕಿಕೊಂಡ ಕಟ್ಟು ಅದು. ಹೆಂಡತಿಯ ವಿಷಯಕ್ಕೆ ಶಾಸ್ತ್ರ ಅಷ್ಟು ಬಿಗಿ ಇಲ್ಲ ಎಂದು ಪುರೋಹಿತರೇ ಹೇಳಿದ್ದರು. ರಾಯರು ಒಪ್ಪಿರಲಿಲ್ಲ. ಶಾಸ್ತ್ರ ಕೇಳಿದ್ದಕ್ಕಿಂತ ಒಂದು ತೂಕ ಹೆಚ್ಚು ಕೊಡುವುದರಲ್ಲಿ ಒಂದು ಸುಖವಿದೆ. ಠಾಣೆಯ ಕುರ್ಚಿಯಲ್ಲಿ ನೆಟ್ಟಗೆ ಕೂತು ಅವರು ಆ ಸುಖವನ್ನು ಅನುಭವಿಸಿದರು.

ಫೌಜದಾರ ಪ್ರಭುಲಿಂಗಪ್ಪ ಕಪ್ಪನ್ನು ತನ್ನ ಕಡೆಗೆ ಎಳೆದುಕೊಂಡ. ವಯಸ್ಸು ಚಿಕ್ಕದು, ಮಾತು ಮೆತ್ತಗೆ.

“ನಿಮ್ಮ ಕೆಲಸ ಆತ್ರಿ, ರಾಯರ. ಬಾಯಾರ ಫೋನು ಗುರುವಾರ ಗುರುವಾರ ಗದಗಿಗೆ ಹೋಗೇ ಇಲ್ಲ. ಶಿರೋಳದ ಟವರಿನ್ಯಾಗ ಇರ್ತಿತ್ತು. ಮುಂಜಾನಿ ಹೋದ್ರ ಸಂಜಿತನಾ ಅಲ್ಲೇ.”

ರಾಯರು ಹೂಂ ಎಂದರು. ತಮಗೆ ಮೊದಲೇ ಗೊತ್ತಿತ್ತು ಎಂಬಂಥ ಹೂಂ. ವಕೀಲಿಯಲ್ಲಿ ತಲೆ ನರೆತವರಿಗೆ ಇಂಥ ಹೂಂ ತಾನಾಗಿ ಬರುತ್ತದೆ.

ಗೊತ್ತಿದ್ದುದು ಇಷ್ಟೇ. ಹೆಂಡತಿ ಸಾವಿತ್ರಿಬಾಯಿ ಪ್ರತಿ ಗುರುವಾರ ಬೆಳಗಿನ ಬಸ್ಸಿಗೆ ಗದಗಿಗೆ, ಗುರುರಾಯರ ಮಠಕ್ಕೆ ಹೋಗುತ್ತಿದ್ದಳು. ಮಧ್ಯಾಹ್ನ ಫೋನು ಮಾಡಿ, ಮಠದಾಗ ಇದ್ದೇನಿ, ಪ್ರಸಾದ ಆತು, ನಿಮ್ಮದು ಊಟ ಆತೇನು ಎಂದು ಕೇಳುತ್ತಿದ್ದಳು. ಸಂಜೆ ಬಂದು ಮಂತ್ರಾಕ್ಷತೆ ಕೊಡುತ್ತಿದ್ದಳು. ರಾಯರು ಅದನ್ನು ಕಣ್ಣಿಗೊತ್ತಿ ತಲೆಯ ಮೇಲೆ ಹಾಕಿಕೊಳ್ಳುತ್ತಿದ್ದರು. ವೈಶಾಖದಲ್ಲಿ ಆಕೆ ಅಡುಗೆಮನೆಯ ಹೊಸ್ತಿಲಲ್ಲಿ ಕೂತವಳು ಮೇಲೇಳಲಿಲ್ಲ. ದಿನಕರ್ಮಗಳು ಮುಗಿದ ಮೇಲೆ ರಾಯರು ಆಕೆಯ ಹೆಸರಿನಲ್ಲಿ ಸೇವೆ ಮಾಡಿಸಲು ಗದಗಿನ ಮಠಕ್ಕೆ ಹೋದರು. ಪ್ರತಿ ಗುರುವಾರ ಬರುತ್ತಿದ್ದಳಲ್ಲ, ರೋಣದ ಸಾವಿತ್ರಿಬಾಯಿ ಎಂದರು. ಅರ್ಚಕರು ನೆನಪು ಮಾಡಿಕೊಳ್ಳಲು ಪ್ರಾಮಾಣಿಕವಾಗಿ ಪ್ರಯತ್ನಿಸಿದರು. ಫೋಟೊ ನೋಡಿದರು. ಇವರನ್ನು ಒಮ್ಮೆಯೂ ಕಂಡಿಲ್ಲ ಎಂದರು.

ಪ್ರಾಯದ ಹೆಂಗಸಾಗಿದ್ದರೆ ರಾಯರು ಸಂಶಯಪಡಬಹುದಿತ್ತು. ಸಂಶಯಕ್ಕೆ ಒಂದು ಮುಖವಾದರೂ ಇರುತ್ತದೆ. ಈಕೆಗೆ ಮೊಳಕಾಲು ನೋವು, ಸಕ್ಕರೆ ಕಾಯಿಲೆ, ಬಾಯಲ್ಲಿ ಸದಾ ದೇವರ ಹಾಡು. ಅಂಥವಳು ವಾರಕ್ಕೊಂದು ದಿನ ಎಲ್ಲಿಗೆ ಹೋಗುತ್ತಿದ್ದಳು? ಆಕೆಯ ಫೋನು ತೆಗೆದು ನೋಡಿದರು. ಅದರಲ್ಲಿ ಇದ್ದುದು ಮೂರು ಹೆಸರು: ಹಾಲಿನವ, ಗ್ಯಾಸು, ಮತ್ತು ‘ಇವರು’.

ಆಮೇಲೆ ಒಂದು ಮದುವೆಯಲ್ಲಿ ಸಿಕ್ಕ ಪ್ರಭುಲಿಂಗಪ್ಪನ ಕಿವಿಯಲ್ಲಿ, ಮನೆಯೊಳಗಿನ ಒಂದು ಸಣ್ಣ ವಿಷಯ ಎಂದು ಹೇಳಿದ್ದರು. ಆ ಮದುವೆಯಲ್ಲೂ ಅವರು ಊಟ ಮಾಡಿರಲಿಲ್ಲ.

“ಹ್ಯಾಂಗ ತಗೊಂಡ್ರಿ?” ಎಂದು ಈಗ ಕೇಳಿದರು.

“ಕಂಪನಿಗೆ ಫ್ಯಾಕ್ಸ್ ಮಾಡಿದ್ವಿ. ಸುಮ್ನ ಒಂದು ನಂಬರ್ ಕೇಳಾಕ ಬರೂದಿಲ್ರಿ, ಯಾವುದರೆ ಕೇಸಿನ್ಯಾಗ ಸೇರಸಬೇಕು. ಗಜೇಂದ್ರಗಡದ ಸೀರಿ ಅಂಗಡಿ ಕಳವಿಂದು ಕೇಸ್ ಇತ್ತಲ್ಲ, ಆ ಇರ್ಫಾನನ ನಂಬರಿನ ಕೆಳಗ ಬಾಯಾರದೂ ಬರದು ಕಳಿಸಿದ್ವಿ.”

“ಏನಂತ?”

“ಸಂಶಯಿತರು ಅಂತ. ಎಲ್ಲಾರಿಗೂ ಅದ ಒಂದ ಹೆಡ್ಡಿಂಗ್ರಿ.”

ಪ್ರಭುಲಿಂಗಪ್ಪ ಚಹಾ ಕುಡಿದ. ಅವನ ಮುಖದಲ್ಲಿ ಕುಯುಕ್ತಿ ಇದೆಯೇ ಎಂದು ರಾಯರು ಹುಡುಕಿದರು. ಸಿಕ್ಕಿದ್ದರೆ ಎಷ್ಟು ಹಗುರಾಗುತ್ತಿತ್ತು. ಅಲ್ಲಿ ಹಿರಿಯರಿಗೆ ಉಪಕಾರ ಮಾಡಿದ ಸಮಾಧಾನ ಬಿಟ್ಟರೆ ಬೇರೇನೂ ಕಾಣಲಿಲ್ಲ.

“ಇವತ್ತ ಅವನ ಜಾಮೀನಿಗೆ ನೀವ ನಿಂದ್ರಾವರಲ್ರಿ?” ಎಂದು ಅವನೇ ಕೇಳಿದ.

“ಹೌದು.”

“ಜೋರ ವಾದ ಅಂತ ಕೇಳೇವಿ,” ಎಂದ ಫೌಜದಾರ, ಮತ್ತು ಎದ್ದು ಬಾಗಿಲವರೆಗೆ ಬಂದು ಬೀಳ್ಕೊಟ್ಟ.

ವಾದ ಖರೇನೇ ಜೋರಾಗಿತ್ತು. ಇರ್ಫಾನ ಸೂಡಿಯವನು, ಗಾದಿ ಹೊಲಿಯುವ ಹುಡುಗ. ರಾಯರ ಮನೆಯ ಗಾದಿಯ ಹತ್ತಿಯನ್ನೂ ಹಿಂಜಿ ಹೊಲಿದು ಕೊಟ್ಟಿದ್ದ. ಕಳುವಾದ ಅಂಗಡಿಯಲ್ಲಿ ಹಿಂದೆ ಕೂಲಿ ಮಾಡಿದ್ದನೆಂಬುದೊಂದು, ಕಳುವಿನ ಹೊತ್ತಿಗೆ ಅವನ ಫೋನು ಗಜೇಂದ್ರಗಡದ ಟವರಿನಲ್ಲಿತ್ತೆಂಬುದೊಂದು, ಈ ಎರಡೇ ಪೊಲೀಸರ ಬಳಿ ಇದ್ದುದು. ಸೀರೆ ಒಂದೂ ಸಿಕ್ಕಿರಲಿಲ್ಲ. ಟವರಿನ ಮಾತು ಬಿದ್ದರೆ ಕೇಸೇ ಬಿದ್ದಂತೆ.

ಅದನ್ನು ಬೀಳಿಸುವ ದಾರಿ ರಾಯರ ಕೈಯಲ್ಲಿತ್ತು. ಅಂಚೆ ಮತ್ತು ತಂತಿಯವರ ವಶದಲ್ಲಿರುವ ದಾಖಲೆಯನ್ನು ಫೌಜದಾರ ತಾನಾಗಿ ಬೇಡುವಂತಿಲ್ಲ. ಜಿಲ್ಲಾ ಮ್ಯಾಜಿಸ್ಟ್ರೇಟರೋ ಮೇಲಿನ ಕೋರ್ಟೋ ಬೇಕೆಂದು ಅಪ್ಪಣೆ ಕೊಡಬೇಕು. ದಂಡ ಪ್ರಕ್ರಿಯೆಯ ತೊಂಬತ್ತೆರಡನೆಯ ಕಲಂ. ಫೋನು ಕಂಪನಿಯೂ ತಂತಿಯವರೇ ಅಲ್ಲವೇ? ಮನುಷ್ಯ ಎಲ್ಲಿ ನಿಂತಿದ್ದ, ಎಲ್ಲಿ ಕೂತಿದ್ದ ಎಂಬುದು ಅವನ ಕಾಗದ ಒಡೆದು ಓದಿದಷ್ಟೇ ಗುಟ್ಟಿನ ಸಂಗತಿ ಅಲ್ಲವೇ? ಅಪ್ಪಣೆ ಎಲ್ಲಿ? ಆ ಫ್ಯಾಕ್ಸನ್ನು ಕೋರ್ಟಿನ ಮುಂದೆ ತರಿಸಬೇಕು. ಈ ಕೊನೆಯ ವಾಕ್ಯವನ್ನು ಕನ್ನಡಿಯ ಮುಂದೆ ನಿಂತು, ಬೆರಳು ಎತ್ತಿ ಒಮ್ಮೆ, ಎತ್ತದೆ ಒಮ್ಮೆ ಹೇಳಿ ನೋಡಿದ್ದರು. ಎತ್ತದೆ ಹೇಳಿದ್ದೇ ಹೆಚ್ಚು ಗಂಭೀರವಾಗಿತ್ತು.

ಈಗ ಆ ಫ್ಯಾಕ್ಸು ಬಂದರೆ ಸಂಶಯಿತರ ಸಾಲಿನಲ್ಲಿ ಮೇಲೆ ಇರ್ಫಾನ, ಕೆಳಗೆ ಸಾವಿತ್ರಿಬಾಯಿ. ಈಕೆ ಯಾರು ಎಂದು ಕೇಳುತ್ತಾರೆ. ಯಾಕೆ ಎಂದು ಕೇಳುತ್ತಾರೆ.

ವಕೀಲರ ಕೋಣೆಯಲ್ಲಿ ತೋಟಪ್ಪ ವಕೀಲರು ಎಲೆಗೆ ಸುಣ್ಣ ಹಚ್ಚುತ್ತ ಕೂತಿದ್ದರು. ಇಬ್ಬರೂ ಒಂದೇ ವರ್ಷ ವಕೀಲಿಯ ಸನದು ತೆಗೆದುಕೊಂಡವರು.

“ಏನ್ರಿ ರಾಯರ, ಇವತ್ತ ಸರಕಾರಾನ ಕಟಕಟಿಗೆ ಹತ್ತಸ್ತೀರಂತ?”

“ನೋಡೂಣು.”

“ಹಿಂಗ ಸಪ್ಪಗ ಅಂದ್ರ ನಡಿಯೂದಿಲ್ಲ. ನನ್ನ ಕಕ್ಷಿದಾರನ್ನ ಹೊರಗ ಕುಂಡ್ರಿಸಿ ನಿಮ್ಮ ವಾದ ಕೇಳಾಕ ಬಂದೇನಿ. ಅವಾ ಬ್ಯಾರೆ ವಕೀಲನ್ನ ಹಿಡದ್ರ ನೀವ ಜವಾಬ್ದಾರಿ.”

ಎಲ್ಲರೂ ನಕ್ಕರು. ರಾಯರೂ ನಕ್ಕರು. ತಮ್ಮ ನಗೆ ಮಿಕ್ಕವರದಕ್ಕಿಂತ ತುಸು ಹೊತ್ತು ಹೆಚ್ಚಾಗಿ ಉಳಿದದ್ದು ಅವರಿಗೆ ಕೇಳಿಸಿತು.

ಕೇಸು ಕೂಗಿದರು. ಕೋರ್ಟಿನ ಹಿಂದಿನ ಬೆಂಚಿನಲ್ಲಿ ಇರ್ಫಾನನ ತಾಯಿ ಸೈರಾಬಾನು ಸೆರಗು ಹೊದ್ದು ಕೂತಿದ್ದಳು. ರಾಯರು ಎದ್ದು ನಿಂತು, ಆರೋಪಿ ಬಡವ ಎಂದರು. ತಂದೆ ಇಲ್ಲ ಎಂದರು. ತಾಯಿಗೆ ದಮ್ಮು ಎಂದರು. ಓಡಿಹೋಗುವವನಲ್ಲ, ಊರಲ್ಲಿ ಮನೆಯಿದೆ ಎಂದರು. ಇಂಥ ಮಾತನ್ನು ಅವರು ನೂರಾರು ಆರೋಪಿಗಳ ಪರವಾಗಿ ಆಡಿದ್ದರು. ಆಳು ಬದಲಾದರೂ ತಾಯಿಯ ದಮ್ಮು ಬದಲಾಗಿರಲಿಲ್ಲ. ಸರಕಾರಿ ವಕೀಲರು ಟವರಿನ ಮಾತು ತೆಗೆದರು. ತೋಟಪ್ಪ ಬಾಯೊಳಗಿನ ಎಲೆಯನ್ನು ದವಡೆಗೆ ಸರಿಸಿ, ಕಿವಿ ಕೊಟ್ಟರು.

ನ್ಯಾಯಾಧೀಶರು ತಲೆ ಎತ್ತಿದರು. “ಈ ಮೊಬೈಲ್ ಟವರ್ ಮಾಹಿತಿಯ ಬಗ್ಗೆ ನಿಮ್ಮ ಆಕ್ಷೇಪಣೆ ಏನಾದರೂ ಇದೆಯೇ?”

ತರುಣ ನ್ಯಾಯಾಧೀಶರು. ಕಾನೂನಿನ ಹೊಸ ಪ್ರಶ್ನೆ ಬಂದೀತೆಂದು ಆಸೆಯಿಂದ ಪೆನ್ನು ಹಿಡಿದಿದ್ದರು. ಅದು ರಾಯರಿಗೆ ಕಂಡಿತು. ಇಡೀ ಆಯುಷ್ಯದಲ್ಲಿ ಯಾವ ನ್ಯಾಯಾಧೀಶರೂ ತಮ್ಮ ಕಡೆ ಹೀಗೆ ನೋಡಿರಲಿಲ್ಲ ಎಂಬುದೂ ಅದೇ ಕ್ಷಣ ಹೊಳೆಯಿತು.

“ಸದ್ಯಕ್ಕೆ ಇಲ್ಲ, ಸ್ವಾಮಿ.”

ಪೆನ್ನು ಕೆಳಗಿಳಿಯಿತು. ಅರ್ಜಿ ವಜಾ ಆಯಿತು. ತೋಟಪ್ಪ ಎದ್ದು ಹೋಗಿ ಕಿಟಕಿಯಾಚೆ ಉಗುಳಿ ಬಂದರು.

ಜೈಲಿನ ವ್ಯಾನಿಗೆ ಒಯ್ಯುವಾಗ ಇರ್ಫಾನ ಪೊಲೀಸನ ಕೈ ಹಿಡಿದು ನಿಲ್ಲಿಸಿದ. ಸಿಟ್ಟಿರಲಿಲ್ಲ. ತಪ್ಪಿಹೋದ ಹೊಲಿಗೆಯನ್ನು ತೋರಿಸುವವನ ಹಾಗೆ ಹೇಳಿದ:

“ರಾಯರ, ಸೂಡ್ಯಾಗ ನಮ್ಮ ಮನಿ ಮಾಳಗಿ ಮ್ಯಾಲ ಕುಂತ್ರ ಫೋನಿನ್ಯಾಗ ಗಜೇಂದ್ರಗಡ ಅಂತ ಬರತೈತ್ರಿ. ಗುಡ್ಡದ ಮ್ಯಾಲಿನ ಟವರು. ಊರಾಗ ಯಾರನ ಕೇಳಿದ್ರೂ ಹೇಳ್ತಾರ. ಅದನ್ನರ ಅನಬೇಕಿತ್ತಲ್ರಿ.”

“ಗದಗಿನ ಕೋರ್ಟಿನ್ಯಾಗ ಅಂತೇನಿ,” ಎಂದರು ರಾಯರು. “ಎಲ್ಲಾ ಇಲ್ಲೇ ಬಿಚ್ಚಿ ತೋರಿಸಬಾರದು. ಮ್ಯಾಲಿನ ಕೋರ್ಟಿಗೆ ಇಟ್ಟೇನಿ.”

ಹುಡುಗ ತಲೆಯಾಡಿಸಿದ. ನಂಬಿದ. ಸೈರಾಬಾನು ಹತ್ತಿರ ಬಂದು, ಹೆಚ್ಚೇನೂ ಕೇಳದೆ, ಬಾಯಾರು ಇದ್ದಿದ್ದರೆ ಈ ಹೊತ್ತಿಗೆ ತನ್ನನ್ನು ಕರೆದು ಕೂಡಿಸಿ ನೀರು ಕೊಡುತ್ತಿದ್ದರು ಎಂದಳು. ನಾಳೆ ಗದಗಿಗೆ ಹೋಗಿ ಅರ್ಜಿ ಹಾಕುತ್ತೀರಾ ಎಂದಳು. ರಾಯರು ಇವತ್ತೇ ಹೋಗುತ್ತೇನೆ ಎಂದರು. ಕೇಳಿದ್ದಕ್ಕಿಂತ ಒಂದು ತೂಕ ಹೆಚ್ಚು.

ಬಸ್‌ಸ್ಟ್ಯಾಂಡಿಗೆ ಬರುವವರೆಗೂ ಅವರು ಗದಗಿಗೇ ಹೊರಟಿದ್ದರು. ಗದಗಿನ ಬಸ್ಸು ಬಾಗಿಲು ತೆರೆದೇ ನಿಂತಿತ್ತು. ಅದರ ಪಕ್ಕದ ಬಸ್ಸಿನ ಬೋರ್ಡು ಪಡುವಣದ ಊರುಗಳ ಹೆಸರು ಹೇಳುತ್ತಿತ್ತು. ಪ್ರತಿ ಗುರುವಾರ ತಾವೇ ಹೆಂಡತಿಯನ್ನು ಇಲ್ಲಿಯವರೆಗೆ ಕರೆತಂದು, ಅವಳು ಹತ್ತುವ ಮೊದಲೇ ಕೋರ್ಟಿಗೆ ಹೊತ್ತಾಯಿತೆಂದು ತಿರುಗುತ್ತಿದ್ದುದು ನೆನಪಾಯಿತು. ನಿಂತು ನೋಡಿದ್ದರೆ ಸಾಕಿತ್ತು. ಫೌಜದಾರ, ಕಂಪನಿ, ಫ್ಯಾಕ್ಸು ಯಾವುದೂ ಬೇಕಿರಲಿಲ್ಲ. ಗಂಡ ಒಂದು ಗುರುವಾರ ಒಂದಿಷ್ಟು ಹೊತ್ತು ಬಸ್‌ಸ್ಟ್ಯಾಂಡಿನಲ್ಲಿ ನಿಲ್ಲುವುದಕ್ಕೆ ಯಾವ ಕಲಮೂ ಅಡ್ಡಿ ಮಾಡಿರಲಿಲ್ಲ.

ಪಕ್ಕದ ಬಸ್ಸನ್ನೇ ಹತ್ತಿದರು.

ಶಿರೋಳದಲ್ಲಿ ಇಳಿದಾಗ ಹೊತ್ತು ಇಳಿಯತೊಡಗಿತ್ತು. ಎರೆಹೊಲಗಳು ಬಿತ್ತನೆಗೆ ಹದವಾಗಿ, ಕಣ್ಣು ಹಾಯುವವರೆಗೆ ಕಪ್ಪಗೆ ಬಿದ್ದಿದ್ದವು. ಕಟ್ಟೆಯ ಮೇಲೆ ಮೂವರು ಮುದುಕರು ಕೂತಿದ್ದರು. ಯಾರ ಮನೆಗೆ ಬಂದಿರಿ ಎಂದು ಒಬ್ಬ ಕೇಳಿದ. ರಾಯರು ಜೇಬಿಗೆ ಕೈ ಹಾಕಿದರು. ಸಾವಿತ್ರಿಬಾಯಿಯ ಫೋಟೊ ಬೆರಳಿಗೆ ತಾಗಿತು. ತೆಗೆದು ತೋರಿಸಿದರೆ ಎರಡರಲ್ಲಿ ಒಂದಾಗುತ್ತಿತ್ತು. ಗೊತ್ತಿಲ್ಲ ಎನ್ನುತ್ತಾರೆ, ಇಲ್ಲವೆ, ಅಯ್ಯ ನಮ್ಮ ಬಾಯಾರಲ್ಲೇನ್ರಿ, ಯಾಕ ಭಾಳ ದಿನ ಆತು ಬರವಲ್ರು ಎನ್ನುತ್ತಾರೆ. ನಮ್ಮ ಬಾಯಾರು. ಆ ಮಾತನ್ನು ಇನ್ನೊಬ್ಬರ ಬಾಯಿಂದ ಕೇಳುವ ಶಕ್ತಿ ತಮಗಿಲ್ಲವೆಂದು ರಾಯರಿಗೆ ತಿಳಿಯಿತು.

“ಟವರ್ ನೋಡಾಕ ಬಂದೇನಿ,” ಎಂದರು.

“ಕಂಪನ್ಯಾವ್ರೇನ್ರಿ?”

“ಹೌದು.”

“ಮತ್ತ ಹೊಳಿಮಣ್ಣೂರ ಕಡೆ ಲೈನ್ ಕಡೀತದ ಅಂತಾರ, ನೋಡ್ರಿ ಒಂದಿಷ್ಟು. ಅವರಿಗೂ ಇದ ಟವರು.”

ಅಂದರೆ ಹೊಳೆಯ ದಂಡೆಯವರೆಗೂ ಇದೇ. ನಡುವಿನ ಊರುಗಳೂ ಇದೇ. ಟವರಿನ ಬುಡಕ್ಕೆ ಬಂದು ನಿಂತು ರಾಯರು ಒಂದು ಸುತ್ತು ತಿರುಗಿದರು. ಎಲ್ಲ ದಿಕ್ಕಿಗೂ ಒಂದೇ ಕಪ್ಪು, ಒಂದೇ ಆಕಾಶ, ದೂರದಲ್ಲಿ ಬೇರೆ ಬೇರೆ ಊರಿನ ಬೇವಿನ ಮರಗಳು. ಇದರಲ್ಲಿ ಎಲ್ಲೋ ಒಂದು ಕಡೆ ಆಕೆ ಕೂತು ಉಂಡು, ತಮಗೆ ಫೋನು ಮಾಡುತ್ತಿದ್ದಳು. ಟವರು ಮನುಷ್ಯ ಇಂಥ ಕಡೆ ಇದ್ದ ಎಂದು ಹೇಳುವುದಿಲ್ಲ, ಇಷ್ಟರೊಳಗೆ ಎಲ್ಲೋ ಇದ್ದ ಎನ್ನುತ್ತದೆ. ಅಷ್ಟರ ಮೇಲೆ ಒಬ್ಬನನ್ನು ಕಳ್ಳ ಎನ್ನುವುದು ಹೇಗೆ? ವಾದ ಈಗ ತಾನೇ ತಾನಾಗಿ, ಒಂದು ಎಳೆಯೂ ಸಿಕ್ಕಾಗದೆ ಬಂತು. ಕಾನೂನೂ ಬೇಕಿರಲಿಲ್ಲ, ಕನ್ನಡಿಯೂ ಬೇಕಿರಲಿಲ್ಲ. ಅದ್ಭುತವಾದ ವಾದ. ಮುಂದೆ ಕಪ್ಪು ಹೊಲ ಕೂತು ಕೇಳುತ್ತಿತ್ತು.

ಫೋನು ರಿಂಗಾಯಿತು. ಸೈರಾಬಾನು. ಯಾರದೋ ಅಂಗಡಿಯಿಂದ ಮಾಡಿದ್ದಳು. ಇರ್ಫಾನನಿಗೆ ಹೊದೆಯಲು ಒಂದು ಚಾದರು ಕಳಿಸಬೇಕಿತ್ತು. ನೀವು ಹೇಗೂ ಗದಗಿನಲ್ಲಿ ಇರುವಿರಲ್ಲ, ಜೈಲಿನ ಬಾಗಿಲಲ್ಲಿ ಒಂದು ಮಾತು ಹೇಳಿದರೆ ನಾಳೆ ಒಳಗೆ ಬಿಡುತ್ತಾರೇನೋ ಎಂದಳು. ಆಮೇಲೆ ಸಂಕೋಚದಿಂದ ಕೇಳಿದಳು.

“ಈಗ ಎಲ್ಲಿದ್ದೀರಿ, ರಾಯರ?”

“ಗದಗಿನ್ಯಾಗ. ದೊಡ್ಡ ಕೋರ್ಟಿನ್ಯಾಗ ಇದ್ದೇನಿ. ನಿಮ್ಮ ಮಗನ ಕೆಲಸಾನ ನಡದದ.”

ಎಷ್ಟು ಸಲೀಸಾಗಿ ಬಂತು. ಉಸಿರು ಏರಲಿಲ್ಲ, ದನಿ ಒಡೆಯಲಿಲ್ಲ. ಹೀಗೆ ಹೇಳುವಾಗ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರುವುದಿಲ್ಲ ಎಂಬುದು ಅವರಿಗೆ ಆಶ್ಚರ್ಯವಾಯಿತು. ಕೇಳುವವರ ಮೇಲೆ ಒಂದು ಬಗೆಯ ಅಕ್ಕರೆಯೇ ಇರುತ್ತದೆ.

ಹಿಂದಿನಿಂದ ಎಮ್ಮೆಕರು ಒದರಿತು.

“ಏನೋ ಕರ ಒದರಿದಂಗಾತಲ್ರಿ?” ಎಂದಳು ಸೈರಾಬಾನು.

“ರಸ್ತ್ಯಾಗ,” ಎಂದರು ರಾಯರು. “ಗದಗಿನ್ಯಾಗ ದನಾ ಭಾಳ.”

“ಹೌದ್ರಿ, ಭಾಳ,” ಎಂದು ಅವಳು ಒಪ್ಪಿದಳು. ಒಪ್ಪಿದ್ದೋ, ಬಿಟ್ಟುಕೊಟ್ಟದ್ದೋ. ಫೋನು ನಿಂತಿತು.

ರಾಯರು ತಿರುಗಿ ನೋಡಿದರು. ಟವರಿನ ತಂತಿಬೇಲಿಯ ಹೊರಗೆ, ಬದುವಿನ ಹುಲ್ಲಿನಲ್ಲಿ ಯಾರೋ ಗೂಟ ಹೊಡೆದು ಕರುವನ್ನು ಕಟ್ಟಿ ಹೋಗಿದ್ದರು. ಹಗ್ಗ ಎಟುಕಿದಷ್ಟನ್ನೂ ಅದು ಬುಡದವರೆಗೆ ಮೇಯ್ದು, ತುಳಿದು, ನೆಲವನ್ನು ರೊಟ್ಟಿಯ ಹಾಗೆ ದುಂಡಗೆ ಬೋಳು ಮಾಡಿತ್ತು. ಅಂಚಿನಾಚೆ ಹುಲ್ಲು ಮೊಳಕಾಲೆತ್ತರ, ಹಸಿರಾಗಿ ಗಾಳಿಗೆ ತೂಗುತ್ತಿತ್ತು. ಹಗ್ಗ ಯಾವಾಗಲೋ ಗೂಟದಿಂದ ಕಳಚಿಕೊಂಡು, ಕರುವಿನ ಕೊರಳಿಂದ ಜೋತು ನೆಲದ ಮೇಲೆ ಎಳೆದಾಡುತ್ತಿತ್ತು. ಕರು ಅಂಚಿನವರೆಗೆ ಬಂದಿತು. ಕುತ್ತಿಗೆ ಚಾಚಿತು. ಹುಲ್ಲಿಗೆ ಬಾಯಿ ತಾಗುವ ಮೊದಲೇ, ಅಲ್ಲಿಗೆ ಮುಗಿಯಿತೆಂಬಂತೆ ನಿಂತು, ಇನ್ನೊಮ್ಮೆ ಒದರಿತು.

ರಾಯರು ಹುಶ್ ಎಂದು ಕೈ ಬೀಸಿದರು. ಅದು ತಿರುಗಿ ಬರಿಗೂಟದ ಕಡೆಗೆ ನಡೆಯಿತು.