ಕಪ್ಪೆಗಲ್ಲಿಗೆ ತಲೆ ತಾಗಿಸಿಕೊಂಡವಳು

ನನ್ನ ತಂಗಿ ಏವಿಸ್‌ಳ ಫೋಟೋ ಚರ್ಚಿನ ಗೇಟಿನ ಪಕ್ಕ ಬರುತ್ತದೆ ಎಂದು ಗೊತ್ತಾದ ದಿನ ನಾನು ಒಲೆಯ ಮೇಲಿಟ್ಟಿದ್ದ ಜಾಮ್ ಸೀದುಹೋಯಿತು. ಸುದ್ದಿ ತಂದವಳೂ ಅವಳೇ. ಅಡುಗೆಮನೆಯ ಬಾಗಿಲಲ್ಲಿ ನಿಂತು, ಇದೇನೂ ದೊಡ್ಡ ವಿಷಯವಲ್ಲ ಎಂಬಂತೆ ಕೈಗವಸು ಬಿಚ್ಚುತ್ತಾ ಹೇಳಿದಳು.

"ಬೋರ್ಡು ಹಾಕ್ತಾರಂತೆ ಕಣೇ ಬೆರಿಲ್. ನಾನು ಬೇಡಾಂತಲೇ ಹೇಳ್ದೆ. ಕೇಳ್ಬೇಕಲ್ಲ ಅವ್ರು."

"ಏನು ಬರೀತಾರಂತೆ?"

"ಕಪ್ಪೆಗಲ್ಲಿಗೆ ತಲೆ ತಾಗಿಸಿಕೊಂಡ ಕೊನೆಯವಳು, ಏವಿಸ್, ಅಂತ. ಕೆಳಗೆ ನನ್ನ ಫೋಟೋ."

"ಗೋರಿ ಮೇಲೆ ಬರೆಯೋ ಹಾಗಿದೆ," ಎಂದೆ.

ಅವಳು ಗೊಳ್ಳೆಂದು ನಕ್ಕಳು. ನನ್ನ ಕೊಂಕು ಅವಳಿಗೆ ಯಾವತ್ತೂ ನಾಟಿದ್ದಿಲ್ಲ. ನನಗೆ ಹೊಟ್ಟೆ ಉರಿಯುವುದು ಅದಕ್ಕೇ ಹೆಚ್ಚು.

ನಮ್ಮ ಟಿಡ್‌ಬೋರ್ನಿನಲ್ಲಿ ಏಳು ವರ್ಷಕ್ಕೊಮ್ಮೆ, ಮೇ ತಿಂಗಳ ಒಂದು ಭಾನುವಾರ, ಊರಿನ ಎಲ್ಲೆ ಸುತ್ತುತ್ತೇವೆ. ಎಲ್ಲರ ಕೈಯಲ್ಲೂ ಒಂದೊಂದು ಹಸಿ ಬೆತ್ತ. ಎಲ್ಲೆಗಲ್ಲು ಸಿಕ್ಕಿದಲ್ಲೆಲ್ಲ ಅದಕ್ಕೆ ನಾಲ್ಕು ಬಾರಿಸಿ, ಸೇಬಿನ ಮದ್ಯ ಸೈಡರ್ ಕುಡಿದು, ಮುಂದೆ ನಡೆಯುವುದು. ನಕ್ಷೆಗಳಿಲ್ಲದ ಕಾಲದಲ್ಲಿ ಊರಿನ ಗಡಿ ಜನರ ತಲೆಯೊಳಗೇ ಇರಬೇಕಿತ್ತು. ಅದಕ್ಕಾಗಿ ಕೊನೆಯ ಕಲ್ಲಿನ ಹತ್ತಿರ, ಅಂದರೆ ಬೀಚ್ ಮರಗಳ ಕಾಡಿನೊಳಗೆ ಕೂತಿರುವ ಕಪ್ಪೆಗಲ್ಲಿನ ಹತ್ತಿರ, ಒಂದು ಮಗುವನ್ನು ತಲೆಕೆಳಗಾಗಿ ಎತ್ತಿ ಹಿಡಿದು ತಲೆಯನ್ನು ಕಲ್ಲಿಗೆ ಮೂರು ಸಲ ತಾಗಿಸುತ್ತಿದ್ದರು. ಆ ಮಗು ಸಾಯುವ ತನಕ ಆ ಜಾಗ ಮರೆಯುವುದಿಲ್ಲ ಎಂದು ನಂಬಿಕೆ. ದೊಡ್ಡದಾದ ಮೇಲೆ ಮೆರವಣಿಗೆಯ ಮುಂದೆ ನಿಂತು ದಾರಿ ತೋರಿಸುವ ಹಕ್ಕೂ ಅದಕ್ಕೇ.

ಚಿಕ್ಕಂದಿನ ಒಂದು ಮೆರವಣಿಗೆಯ ಹೊತ್ತಿಗೆ ನನಗೆ ಒಂಬತ್ತು ವರ್ಷ, ಏವಿಸ್‌ಗೆ ಆರು. ಆ ಸಲದ ಸರದಿ ನಮ್ಮ ಮನೆಯದು, ಮನೆಗೆ ಹಿರಿಯಳು ನಾನು. ಅಮ್ಮ ಬೆಳಿಗ್ಗೆಯೇ ಕೂತು ನನ್ನ ಜಡೆಯನ್ನು ಬಿಗಿಯಾಗಿ ಹೆಣೆದಿದ್ದಳು. ಕಲ್ಲಿನ ಹತ್ತಿರ ಚರ್ಚಿನ ಹಿರಿಯ ಹ್ಯಾಲೆಟ್ ನನ್ನ ಕಾಲು ಹಿಡಿದು ಎತ್ತಲು ನೋಡಿದ. ಅರ್ಧಕ್ಕೇ ಕೆಳಗಿಳಿಸಿ, "ಅಬ್ಬಬ್ಬಾ, ಏನು ಭಾರ ಇದು! ಆ ಚಿಕ್ಕದನ್ನ ಕೊಡ್ರೋ ಇಲ್ಲಿ," ಎಂದ. ಊರಿಗೆ ಊರೇ ನಕ್ಕಿತು. ಅಪ್ಪನೂ ನಕ್ಕ. ಏವಿಸ್ ಗಾಳಿಪಟದ ಹಾಗೆ ಮೇಲೇರಿದಳು, ತಲೆ ತಾಗಿಸಿಕೊಂಡಳು, ಇಳಿದ ಕೂಡಲೇ ಅವಳ ಕೈಗೆ ದೊಡ್ಡದೊಂದು ತುಂಡು ಕೇಕ್ ಬಂತು. ಮುಂದೆ ಬಂದ ಪಾದ್ರಿಗಳು ಮಕ್ಕಳ ತಲೆಯನ್ನು ಕಲ್ಲಿಗೆ ತಾಗಿಸುವುದೆಲ್ಲ ಬೇಡ ಎಂದುಬಿಟ್ಟರು. ಹಾಗಾಗಿ ಏವಿಸ್ ಕೊನೆಯವಳಾಗಿ ಉಳಿದಳು.

ಆ ಬೇಸಿಗೆ ರಜೆಯಲ್ಲಿ ನಾನು ಒಬ್ಬಳೇ ಕಾಡಿಗೆ ಹೋಗುತ್ತಿದ್ದೆ. ಕಪ್ಪೆಗಲ್ಲಿನ ಮುಂದೆ ಮಂಡಿಯೂರಿ, ಯಾರೂ ಎತ್ತದಿದ್ದರೇನು ಎಂದು, ನನ್ನ ತಲೆಯನ್ನು ನಾನೇ ಕಲ್ಲಿಗೆ ತಾಗಿಸಿಕೊಳ್ಳುತ್ತಿದ್ದೆ. ಒಂದೊಂದು ದಿನ ಕಲ್ಲಿಗೆ ಒದ್ದು ಬಂದದ್ದೂ ಉಂಟು. ತಾನೇ ತಾಗಿಸಿಕೊಂಡರೆ ಲೆಕ್ಕಕ್ಕಿಲ್ಲ ಎಂಬುದು ನನಗೂ ಗೊತ್ತಿತ್ತು. ಆದರೂ ಶಾಲೆ ಶುರುವಾಗುವ ತನಕ ಹೋದೆ.

ಏವಿಸ್ ಮೆರವಣಿಗೆಯ ಮುಂದೆ ನಡೆಯಲು ಶುರುಮಾಡಿದ ಮೇಲೆ ದೂರದೂರದಿಂದ ಜನ ಬರತೊಡಗಿದರು. ಚರ್ಚಿನ ಗೋಡೆಯ ಹಳೇ ಚಿತ್ರ, ಕುಸಿದ ಗಿರಣಿ, ಯಾವನೋ ರಾಜನನ್ನು ಹೂತ ದಿಬ್ಬ, ಎಲ್ಲ ಕಡೆಯೂ ಅವಳು ನಿಂತು ಕತೆ ಹೇಳುವಳು, ಅವರು ಬಾಯಿ ತೆರೆದು ಕೇಳುವರು. ಇಷ್ಟನ್ನೂ ಸಹಿಸಿಕೊಂಡೇನು. ಕಾಡಿನೊಳಗೆ ದಾರಿ ಮೂರಾಗಿ ಒಡೆಯುವ ಕಡೆ ಅವಳು ಮಾಡುವ ನಾಟಕವನ್ನು ಮಾತ್ರ ಸಹಿಸಲಾಗುತ್ತಿರಲಿಲ್ಲ. ಅಲ್ಲಿ ನಿಂತು, ಕಣ್ಣು ಮುಚ್ಚಿ, ಅಂಗೈ ಚಾಚಿ, "ಶ್ಶ್... ಕಲ್ಲು ಕರೀತಾ ಇದೆ," ಎನ್ನುವಳು. ಜನ ಉಸಿರು ಬಿಗಿಹಿಡಿದು ನಿಲ್ಲುವರು. ನನಗೆ ಮೈಯೆಲ್ಲ ಉರಿದು, "ನಡಿಯೇ ಮಾರಾಯ್ತಿ, ಅಲ್ಲಿ ಟೀ ಆರುತ್ತೆ," ಎಂದು ಗೊಣಗಿ ಎಡದ ದಾರಿಗೆ ಕಾಲು ಹಾಕುತ್ತಿದ್ದೆ. ಸ್ವಲ್ಪ ಹೊತ್ತಿಗೆ ಅವಳು ಕಣ್ಣು ಬಿಟ್ಟು ನನ್ನನ್ನು ದಾಟಿ ಮುಂದೆ ಹೋಗುತ್ತಿದ್ದಳು.

ಈ ಸಲ ಮಂಡಿ ನೋವು ಎಂದೆ.

ಏವಿಸ್‌ಳ ಮುಖ ಸಪ್ಪಗಾಯಿತು. "ನೀನು ಬರ್ಲೇಬೇಕು ಕಣೇ."

"ನಾನ್ಯಾಕೆ? ಕಲ್ಲು ಕರೆಯೋದು ನಿನ್ನನ್ನಲ್ವಾ?"

"ಮೆಲ್ಲಗೆ ನಡೆದ್ರಾಯ್ತು. ನಾನು ಕೈ ಹಿಡ್ಕೋತೀನಿ."

"ನಿನ್ನ ಬೋರ್ಡನ್ನ ಹಿಡ್ಕೋ ಹೋಗು," ಎಂದೆ. ತನ್ನ ಮೆರೆದಾಟ ನೋಡಿ ನಾನು ಸುಟ್ಟುಕೊಳ್ಳಲಿ ಎಂದೇ ಅವಳು ಕರೆಯುತ್ತಿದ್ದಾಳೆ ಎಂದುಕೊಂಡೆ.

ಭಾನುವಾರ ಬೆಳಿಗ್ಗೆ ಊರ ಸಭಾಭವನದ ಕಿಟಕಿಯಲ್ಲಿ ನಿಂತು ಸ್ಕೋನ್‌ ಬನ್ನುಗಳಿಗೆ ಬೆಣ್ಣೆ ಸವರುತ್ತಾ ಮೆರವಣಿಗೆ ಹೊರಟದ್ದನ್ನು ನೋಡಿದೆ. ಚರ್ಚಿನ ಈಗಿನ ಪಾದ್ರಮ್ಮ ಫಿಲಿಪ್ಪಾ, ಸೈಡರ್ ಪೀಪಾಯಿ ಹೊತ್ತ ರೈತ ಡೆಸ್ಮಂಡ್, ಹಿಂದೆ ದೊಡ್ಡದೊಂದು ಗುಂಪು. ಎಲ್ಲರಿಗಿಂತ ಮುಂದೆ ಹೊಸ ನೀಲಿ ಟೋಪಿಯ ಏವಿಸ್. ತಿರುವಿನಲ್ಲಿ ಅವಳು ಒಮ್ಮೆ ಸಭಾಭವನದ ಕಡೆ ನೋಡಿದಳು. ನಾನು ಪರದೆ ಎಳೆದೆ.

ಚರ್ಚಿನ ಗೇಟಿನ ಪಕ್ಕ ಬೋರ್ಡಿಗೆ ಬಿಳಿ ಬಟ್ಟೆ ಹೊದಿಸಿದ್ದರು. ಬೀದಿಯಲ್ಲಿ ಯಾರೂ ಇರಲಿಲ್ಲವಲ್ಲ, ಹೋಗಿ ಎತ್ತಿ ನೋಡಿದೆ. ನೋಡಬಾರದಿತ್ತು. ಆ ಫೋಟೋ ನಾವಿಬ್ಬರೂ ದಿಬ್ಬದ ಮೇಲೆ ನಿಂತು ತೆಗೆಸಿಕೊಂಡದ್ದು. ನನ್ನನ್ನು ಕತ್ತರಿಸಿ ಹಾಕಿದ್ದರು. ಅದನ್ನಾದರೂ ನೆಟ್ಟಗೆ ಮಾಡಿದ್ದಾರೆಯೇ? ಅಂಚಿನಲ್ಲಿ ನನ್ನ ಮೊಣಕೈ ಉಳಿದುಕೊಂಡಿತ್ತು.

ಟೀ ಹೊತ್ತಾಯಿತು. ಮೆರವಣಿಗೆ ಬರಲಿಲ್ಲ. ಸ್ಯಾಂಡ್‌ವಿಚ್‌ಗಳ ಅಂಚು ಒಣಗಿ ಮೇಲೆದ್ದವು. ಬಂದವರಿಗೆಲ್ಲ ಟೀ ಹಾಕಿಕೊಡುತ್ತಾ ಬೋರ್ಡಿನ ಹೊಗಳಿಕೆ ಕೇಳಲು ನಾನು ಮನಸ್ಸು ಗಟ್ಟಿಮಾಡಿಕೊಂಡು ಕೂತಿದ್ದೆ, ಅದೂ ನಡೆಯಲಿಲ್ಲ. ಕಡೆಗೆ ಕೋಟು ಹಾಕಿಕೊಂಡು ಹೊರಟೆ. ಮಂಡಿಯಲ್ಲಿ ಎಂಥ ನೋವೂ ಇರಲಿಲ್ಲ.

ಕೊರಕಲು ದಾರಿ ಹತ್ತಿ ಕಾಡು ಹೊಕ್ಕೆ. ಚಳಿಗಾಲದ ಗಾಳಿಗೆ ಎರಡು ಬೀಚ್ ಮರ ಉರುಳಿ ದಾರಿಯ ಗುರುತು ಕೆಟ್ಟಿತ್ತು, ಜರಿಗಿಡ ಸೊಂಟದವರೆಗೆ ಬೆಳೆದಿತ್ತು. ದಾರಿ ಮೂರಾಗುವ ಕಡೆ ನಿಂತಾಗ ಬಲಕ್ಕೆ, ಗಿರಣಿ ಹಳ್ಳದ ಕಡೆಯಿಂದ, ಗದ್ದಲ ಕೇಳಿತು. ಇಡೀ ಮೆರವಣಿಗೆ ಕೆಸರಿನಲ್ಲಿ ನಿಂತಿತ್ತು. ದೂರದಿಂದ ಬಂದವರು ಫೋನುಗಳನ್ನು ಆಕಾಶಕ್ಕೆ ಎತ್ತಿ ಹಿಡಿದಿದ್ದರು. ಸಿಗ್ನಲ್ ಸಿಕ್ಕಿದ್ದರೂ ಉಪಯೋಗವಿರಲಿಲ್ಲ, ಕಪ್ಪೆಗಲ್ಲು ಯಾವ ನಕ್ಷೆಯಲ್ಲೂ ಇಲ್ಲ.

ಡೆಸ್ಮಂಡ್ ಬೂಟಿನಿಂದ ನೀರು ಸುರಿಯುತ್ತಾ ನನಗೆ ಹೇಳಿದ, "ಕಲ್ಲು ಕರೀತಾ ಇದ್ಯಂತೆ ಮಿಸೆಸ್ ಸ್ಟಿಕ್‌ಲ್ಯಾಂಡ್. ಎಲ್ಲಿಂದ ಅಂತ ಮಾತ್ರ ಹೇಳ್ತಿಲ್ಲ."

ಏವಿಸ್ ಎಲ್ಲರಿಂದ ದೂರ, ಉರುಳಿದ ಮರದ ಮೇಲೆ ಕೂತಿದ್ದಳು. ಟೋಪಿ ಓರೆಯಾಗಿತ್ತು, ಮೂಗು ಕೆಂಪಾಗಿತ್ತು. ಹೋಗಿ ಪಕ್ಕದಲ್ಲಿ ಕೂತೆ. ಸುಳ್ಳು ಯಾಕೆ, ಸಂತೋಷಪಡಲೆಂದೇ ಕೂತೆ.

"ಏನೇ, ಮರ್ತುಹೋಯ್ತಾ ಜಾಗ?"

"ಗೊತ್ತಿದ್ರೆ ತಾನೇ ಮರೆಯೋದು," ಎಂದಳು, ನೆಲ ನೋಡುತ್ತಾ. "ಅವತ್ತು ತಲೆಕೆಳಗೆ ಹಿಡಿದಾಗ ಹೆದರಿ ಕಣ್ಣು ಮುಚ್ಚಿಬಿಟ್ಟಿದ್ದೆ ಬೆರಿಲ್. ಆ ಹ್ಯಾಲೆಟ್‌ನ ಶೂ ಪಾಲಿಶ್ ವಾಸನೆ ಬಿಟ್ರೆ ನಂಗೇನೂ ನೆನಪಿಲ್ಲ."

"ಮತ್ತೆ ಇಷ್ಟು ವರ್ಷ?"

"ಕಣ್ಣು ಪೂರ್ತಿ ಮುಚ್ತಿರ್ಲಿಲ್ಲ. ರೆಪ್ಪೆ ಸಂದಿಯಿಂದ ನಿನ್ನ ಬೂಟು ನೋಡ್ತಿದ್ದೆ. ನೀನು ಗೊಣಗ್ಕೊಂಡು ಯಾವ ಕಡೆ ಹೊರಡ್ತೀಯೋ, ಆ ಕಡೆ."

"ಒಬ್ಳೇ ಬಂದು ಒಂದ್ಸಲ ಹುಡುಕಿ ಇಟ್ಕೋಬಾರ್ದಿತ್ತಾ?"

"ಹುಡುಕೋದನ್ನ ಯಾರಾದ್ರೂ ನೋಡಿಬಿಟ್ರೆ?"

ಇಷ್ಟು ವರ್ಷ ದಾರಿ ತೋರಿಸಿದವಳು ನಾನು, ಕೇಕ್ ತಿಂದವಳು ಇವಳು. ಅಯ್ಯೋ ಪಾಪ ಎನಿಸಬೇಕಿತ್ತು. ಒಂದು ಕ್ಷಣ ಎನಿಸಿತ್ತು ಕೂಡ. ಅಷ್ಟರಲ್ಲಿ ಅವಳೇ ಅದನ್ನು ಕೆಡಿಸಿದಳು.

"ಯಾರಿಗೂ ಹೇಳ್ಬೇಡ, ಆಯ್ತಾ? ಈಗ ಬಂದಿದ್ಯಲ್ಲ, ಎಂದಿನ ಹಾಗೆ ಮಾಡೋಣ. ನೀನು ಸ್ವಲ್ಪ ಪಕ್ಕದಲ್ಲಿ ನಡಿ. ನೋಡೋರಿಗೆ ನಾನೇ ಮುಂದೆ ಇರೋ ಹಾಗೆ ಕಾಣ್ಬೇಕು."

"ಈಗ್ಲೂನಾ?"

"ಬೋರ್ಡು ಬೇರೆ ಹಾಕಿಬಿಟ್ಟಿದಾರಲ್ಲೇ."

ನನ್ನ ಮೊಣಕೈ ಕಣ್ಣ ಮುಂದೆ ಬಂತು. "ಹೇಳಲ್ಲ," ಎಂದೆ. "ಆದ್ರೆ ಅಲ್ಲಿಗೆ ಹೋದ್ಮೇಲೆ ನನ್ನನ್ನೂ ಎತ್ತಿ ಕಲ್ಲಿಗೆ ತಾಗಿಸ್ಬೇಕು. ಎತ್ರಪ್ಪ ಅಂತ ಎಲ್ಲರ ಮುಂದೆ ನೀನೇ ಹೇಳ್ಬೇಕು."

"ನಿಂಗೆ ಎಪ್ಪತ್ತೆರಡು ಕಣೇ! ಸೊಂಟ ಮುರಿಯುತ್ತೆ!"

"ಸೊಂಟ ನಂದಲ್ವಾ."

ಅವಳು ಮನಸ್ಸಿನಲ್ಲೇ ಲೆಕ್ಕ ಹಾಕಿದಳು. ಆಮೇಲೆ ಮೆಲ್ಲಗೆ, "ಹಾಗಾದ್ರೆ ಕೊನೆಯವಳು ನೀನಾಗ್ತೀಯಲ್ಲ," ಎಂದಳು.

"ಹೌದಾ? ನಂಗೆ ಹೊಳೆದೇ ಇರ್ಲಿಲ್ಲ ನೋಡು."

ಎಡದ ದಾರಿ ಹಿಡಿದೆವು. ನಾನು ಸ್ವಲ್ಪ ಪಕ್ಕದಲ್ಲಿ, ಅವಳು ಮುಂದೆ. ಕಾಡು ಬೆಳ್ಳುಳ್ಳಿಯ ಘಾಟು, ಕಾಲ ಕೆಳಗೆ ನೀಲಿಗಂಟೆ ಹೂ. ಜರಿಗಿಡದ ನಡುವೆ ಕಪ್ಪೆಗಲ್ಲು ಪಾಚಿ ಹೊದ್ದು, ಮುದುಡಿ ಕೂತಿತ್ತು. ಜನ ಚಪ್ಪಾಳೆ ತಟ್ಟಿದರು. ಏವಿಸ್‌ಗೇ ತಟ್ಟಿದರು ಎಂದು ಬೇರೆ ಹೇಳಬೇಕಿಲ್ಲ. ಎಲ್ಲರೂ ಬೆತ್ತದಿಂದ ಬಾರಿಸಿಯಾಯಿತು. ಅವಳು ಹೊರಡುವ ಸನ್ನಾಹ ಮಾಡಿದಳು. ನಾನು ಕೆಮ್ಮಿದೆ.

"ಈ ಸಲ..." ಎಂದು ಏವಿಸ್ ನಗು ತಂದುಕೊಂಡಳು. "ಈ ಸಲ ನಮ್ಮಕ್ಕನ್ನ ಎತ್ತಿ."

ಪಾದ್ರಮ್ಮ ಗಾಬರಿಯಾದರು. "ಅದೆಲ್ಲ ಬೇಡಾಂತ ನಿಲ್ಸಿದ್ದೀವಲ್ಲ ಬೆರಿಲ್?"

"ಮಕ್ಕಳನ್ನ ಬೇಡಾಂತ ನಿಲ್ಸಿದ್ದು. ನಾನೇನು ಮಗುನಾ?"

ಡೆಸ್ಮಂಡ್ ಮತ್ತು ಇನ್ನು ಮೂವರು ಮುಂದೆ ಬಂದರು. ಕನ್ನಡಕ ತೆಗೆದು ಏವಿಸ್‌ಳ ಕೈಗೇ ಕೊಟ್ಟೆ. "ಭಾರ ಅಂತ ಬಾಯಿ ಬಿಟ್ರೆ ನೋಡು," ಎಂದು ಡೆಸ್ಮಂಡ್‌ಗೆ ಹೇಳಿದೆ.

"ಛೇ, ಹತ್ತಿ ಇದ್ದ ಹಾಗಿದೀರಿ," ಎಂದ. ಅವನ ಕತ್ತಿನ ನರ ಉಬ್ಬಿತ್ತು.

ಕಾಡು ತಿರುಗಿತು. ರಕ್ತವೆಲ್ಲ ಕಿವಿಗೆ ಇಳಿಯಿತು. ಮೊದಲ ಸಲ ಕಲ್ಲು ತಾಗಿದಾಗ ತಣ್ಣಗಿನ ಪಾಚಿ, ಅಷ್ಟೇ. ನಾನೂ ಕಣ್ಣು ಬಿಗಿಯಾಗಿ ಮುಚ್ಚಿಕೊಂಡಿದ್ದೆ. ಆರು ವರ್ಷದ ಹುಡುಗಿಗೆ ಏನು ನೆನಪಿರಬೇಕು ಇದರಲ್ಲಿ ಎಂದು ಅನಿಸಿತು. ಕೆಳಗಿಳಿದ ಮೇಲೆ ಅವಳಿಗೆ ಒಂದು ಒಳ್ಳೆಯ ಮಾತು ಹೇಳಬೇಕು ಎಂದುಕೊಂಡೆ.

ಎರಡನೇ ಸಲಕ್ಕೆ ಕಣ್ಣು ಬಿಟ್ಟೆ. ಕೆಸರು ಬೂಟುಗಳು ಮೇಲೆ, ಟೋಪಿಗಳು ಕೆಳಗೆ. ಎಲ್ಲರೂ ಕೂಗುತ್ತಿದ್ದರು, ನಗುತ್ತಿದ್ದರು, ಫೋಟೋ ತೆಗೆಯುತ್ತಿದ್ದರು. ಅವರ ನಡುವೆ ಏವಿಸ್ ನನ್ನ ಕನ್ನಡಕ ಹಿಡಿದು ನಿಂತಿದ್ದಳು. ಅವಳ ತುಟಿ ನಗುತ್ತಿತ್ತು, ಗಲ್ಲ ಬಿಗಿದಿತ್ತು, ಕಣ್ಣು ಫೋಟೋ ತೆಗೆಯುವವರನ್ನು ಎಣಿಸುತ್ತಿತ್ತು. ಕನ್ನಡಕವಿಲ್ಲದೆಯೂ, ತಲೆಕೆಳಗಾಗಿದ್ದರೂ, ಆ ಮುಖ ನನಗೆ ತಕ್ಷಣ ಗುರುತು ಸಿಕ್ಕಿತು. ಒಂಬತ್ತನೇ ವಯಸ್ಸಿನಿಂದ ದಿನಾ ಕನ್ನಡಿಯಲ್ಲಿ ನೋಡಿದ ಮುಖ ಅದು.

ಮೂರನೇ ಸಲವೂ ಆಯಿತು. ಡೆಸ್ಮಂಡ್ ಏದುಸಿರು ಬಿಡುತ್ತಾ, "ಸಾಕಾ ಮಿಸೆಸ್ ಸ್ಟಿಕ್‌ಲ್ಯಾಂಡ್?" ಎಂದು ಕೇಳಿದ.

"ಇನ್ನೊಂದ್ಸಲ," ಎಂದೆ.