ಚಿಲಕಕ್ಕೆ ಒಂದು ಪಿನ್ನು

ಚಿಲಕದ ತೂತಿನಲ್ಲಿ ಪಿನ್ನು ನಿಜವಾಗಿಯೂ ಇಲ್ಲವೋ, ಇಲ್ಲ ವಾರವಿಡೀ ಲಿಫ್ಟಿನ ಬಾಗಿಲು ರಿಪೇರಿ ಮಾಡಿ ಮಾಡಿ ತನ್ನ ಕಣ್ಣಿಗೆ ಎಲ್ಲೆಲ್ಲೂ ಕೊರತೆಯೇ ಕಾಣುತ್ತಿದೆಯೋ? ಜಯಂಟ್ ವೀಲಿನ ಆ ಹಳದಿ ತೊಟ್ಟಿಲು ಇನ್ನೊಂದು ಸುತ್ತು ಬಂದು, ಸಾಲಿನಲ್ಲಿ ನಿಂತಿದ್ದ ಅವನ ಎದುರಿಗೇ ಹಾದುಹೋಯಿತು. ಪಿನ್ನು ಇರಲಿಲ್ಲ. ಕುಲುಕಿದಾಗಲೆಲ್ಲ ಚಿಲಕ ಜಾರುತ್ತಿತ್ತು.

"ಹಳದೀದು ಬೇಡ. ಬೇರೆದಕ್ಕೆ ಹತ್ತೋಣ" ಎಂದ.

"ಶುರುವಾಯ್ತು ನಿಮ್ದು," ಎಂದಳು ಹೆಂಡತಿ. "ನಮ್ಮ ಮದುವೇಲೂ ಚಪ್ಪರದ ಕಂಬ ಅಲ್ಲಾಡಿಸಿ ನೋಡಿದೋರಲ್ವಾ!"

ಅವರ ಸರದಿಗೆ ಬಂದು ನಿಂತದ್ದು ಹಳದಿಯೇ. ಚಿಲಕದತ್ತ ಬೆರಳು ತೋರಿಸಿದರೆ, ಚಕ್ರ ತಿರುಗಿಸುವವನು 'ಹತ್ತಿ ಹತ್ತಿ' ಎಂಬಂತೆ ಕೈಬೀಸಿದ. ಮನೆಯ ಕನ್ನಡದಲ್ಲಾಗಲಿ ಕೆಲಸದ ಮೇಸ್ತ್ರಿ ಆಡುವ ಭಾಷೆಯಲ್ಲಾಗಲಿ ಜಗಳಕ್ಕೆ ನಿಂತರೆ ಸೋಲುವ ಆಸಾಮಿಯಲ್ಲ ಈ ಲಿಫ್ಟ್ ರಿಪೇರಿಯವನು. ಈ ಊರಿನ ಭಾಷೆ ಮಾತ್ರ ನಾಲಿಗೆಗೆ ಹತ್ತಿರಲಿಲ್ಲ.

"ಪುಟ್ಟಿ, ನೀನು ಹೇಳು. ಚಿಲಕಕ್ಕೆ ಪಿನ್ನಿಲ್ಲ, ಬಾಗಿಲು ತೆರ್ಕೊಳ್ಳುತ್ತೆ ಅಂತ."

ಹತ್ತು ವರ್ಷದ ಮಗಳು ಹಿಂತಿರುಗಿ ನೋಡಿದಳು. ಸಾಲಿನಲ್ಲಿ ಅವಳ ಕ್ಲಾಸಿನ ಇಬ್ಬರು ಹುಡುಗಿಯರು ನಿಂತಿದ್ದರು. ಚಕ್ರದವನಿಗೆ ಏನೋ ಚುಟುಕಾಗಿ ಹೇಳಿದಳು. ಅವನು ಗಹಗಹಿಸಿದ. ಸಾಲಿಗೆ ಸಾಲೇ ನಕ್ಕಿತು.

ಅವಳ ಮಾತಿನಲ್ಲಿ ಚಿಲಕವೂ ಇರಲಿಲ್ಲ, ಪಿನ್ನೂ ಇರಲಿಲ್ಲ. 'ನಮ್ಮಪ್ಪನಿಗೆ ಭಯ', ಅಷ್ಟೇ. ಆ ಭಾಷೆಯಲ್ಲಿ 'ಭಯ' ಎಂಬ ಮಾತು ಅವನಿಗೆ ಚೆನ್ನಾಗಿ ಗೊತ್ತಿತ್ತು. ಮಹಡಿಗಳ ನಡುವೆ ಕೆಟ್ಟು ನಿಂತ ಲಿಫ್ಟಿನೊಳಗಿಂದ, ಮುಚ್ಚಿದ ಬಾಗಿಲಿಗೆ ಬಾಯಿಟ್ಟು ಜನ ದಿನವೂ ಕೂಗುವುದು ಅದನ್ನೇ.

ಪಿತ್ತ ನೆತ್ತಿಗೇರಿತು. ಬಾಯ್ತುಂಬ ಬೈಗುಳ ಬಂತು, ಆದರೆ ಯಾವ ಭಾಷೆಯಲ್ಲಿ ಉಗುಳುವುದು? ಅಷ್ಟರಲ್ಲಿ ತಾಯಿ ಮಗಳು ಹತ್ತಿ ಕೂತಿದ್ದರು. ಎಳೆದು ಇಳಿಸಬೇಕೆನ್ನುವಾಗಲೇ ಚಕ್ರ ಅಲುಗಿತು. ಅವನೂ ಒಳಗೆ ಹಾರಿದ. ಹೆಂಡತಿಯ ಬಳೆಗೆ ಸಿಕ್ಕಿಸಿದ್ದ ಸೇಫ್ಟಿ ಪಿನ್ನು ಕಿತ್ತು ಚಿಲಕದ ತೂತಿಗೆ ತೂರಿಸಿ, ಮೇಲೆ ಹೆಬ್ಬೆರಳು ಒತ್ತಿ ಕೂತ.

ಊರಿನ ಮಾಳಿಗೆಗಳೆಲ್ಲ ಕಾಲ ಕೆಳಗಾದವು. ಮಗಳು ಕಿರುಚಿ ಕಿರುಚಿ ನಕ್ಕಳು, ಕೆಳಗಿದ್ದ ಗೆಳತಿಯರಿಗೆ ಕೈಬೀಸಿದಳು, ಬಾಗಿಲಿಗೆ ಒರಗಿದಳು.

"ಅಪ್ಪಾ, ಅಷ್ಟು ಗಟ್ಟಿಯಾಗಿ ಹಿಡ್ಕೊಂಡಿದ್ದೀಯ! ಹೆದರಿಕೇನಾ?"

"ಹ್ಞೂಂ" ಎಂದ, ಹಲ್ಲು ಕಚ್ಚಿ.

ಇಳಿದ ಮೇಲೆ ಹೆಂಡತಿ ಕೈ ಚಾಚಿದಳು. "ನನ್ನ ಪಿನ್ನು?"

ಹಳದಿ ತೊಟ್ಟಿಲಿಗೆ ಮಗಳ ಗೆಳತಿಯರು ಹತ್ತುತ್ತಿದ್ದರು.

"ಅಲ್ಲೇ ಇರ್ಲಿ ಬಿಡು" ಎಂದು ಸಿಡುಕಿದ.

ದಾರಿಯುದ್ದಕ್ಕೂ ಹೆಬ್ಬೆರಳು ಉರಿಯುತ್ತಿತ್ತು. ಸಿಟ್ಟೂ ಇಳಿದಿರಲಿಲ್ಲ. ಚಕ್ರದವನಿಗೆ ಅವಳು ಹೇಳಿದ್ದು ತನಗೆ ಅರ್ಥವಾಗಿತ್ತು ಎಂದು ಅವನು ಮಗಳಿಗೆ ಎಂದೂ ಹೇಳಲಿಲ್ಲ.